ಬ್ಯಾಟಿನೊಳಗಿನ ಮರ

“ಅಜ್ಜಾ, ನನಗೊಂದು ಒಳ್ಳೇ ಬ್ಲೇಡು ಕೊಡಿಸು” ಎಂದು ಮೊಮ್ಮಗ ಕೇಳಿದರೆ ಗಾಬರಿಯಾಗಬೇಡಿ. ಮೀಸೆ ಮೂಡುವ ಮೊದಲೇ ಇವನಿಗೇಕೆ ಬ್ಲೇಡು ಎಂದು ಯೋಚಿಸಲೂ ಬೇಡಿ. ಟೇಬಲ್ ಟೆನಿಸ್ ಆಡುವವರ ಮಾತಿನಲ್ಲಿ ಬ್ಲೇಡು ಎಂದರೆ ಬ್ಯಾಟಿನ ಮರದ ಭಾಗ. ಹಿಡಿಕೆ ಮತ್ತು ಅದರ ಮುಂದಿನ ಅಗಲವಾದ ಹಲಗೆ ಎರಡೂ ಸೇರಿ ಬ್ಲೇಡು. ಅದರ ಎರಡೂ ಬದಿಗೆ ರಬ್ಬರು ಅಂಟಿಸಿದರೆ ಬ್ಯಾಟು ಸಿದ್ಧ.

ಮಕ್ಕಳು ಮೊದಲು ಆಡುವುದು ಅಂಗಡಿಯಲ್ಲಿ ರಬ್ಬರು ಅಂಟಿಸಿಯೇ ಸಿಗುವ ಸಿದ್ಧ ಬ್ಯಾಟಿನಲ್ಲಿ. ಆರಂಭಕ್ಕೆ ಅಷ್ಟು ಸಾಕು. ಚೆಂಡನ್ನು ತಪ್ಪಿಸದೆ ಇಪ್ಪತ್ತು-ಮೂವತ್ತು ಸಲ ಆಚೆ ಈಚೆ ಆಡುವಷ್ಟು ಕೈ ಕುದುರಿದ ಮೇಲೆ ತರಬೇತುದಾರರು ಹೇಳುತ್ತಾರೆ, “ಇನ್ನು ಬ್ಲೇಡು ಬೇರೆ, ರಬ್ಬರು ಬೇರೆ ಕೊಂಡು ಮಾಡಿಸಿ” ಎಂದು. ಆಗ ಮನೆಯ ಹಿರಿಯರಿಗೆ ತಲೆಬಿಸಿ ಶುರು. ಅಂಗಡಿಗೆ ಹೋದರೆ ಕೆಲವು ನೂರು ರೂಪಾಯಿಯಿಂದ ಹಿಡಿದು ಇಪ್ಪತ್ತು ಸಾವಿರ ದಾಟಿದವೂ ಇರುತ್ತವೆ. ನೋಡಲು ಎಲ್ಲವೂ ಒಂದೇ, ದೋಸೆ ತಿರುವಿ ಹಾಕುವ ಮೊಗಚೆ ಕೈಯಂತೆ! ದುಡ್ಡು ಕೊಡುವ ಅಜ್ಜನಿಗೆ ವ್ಯತ್ಯಾಸ ಗೊತ್ತಿಲ್ಲ. ಆಡುವ ಮಗುವಿನ ಕಣ್ಣು ದೊಡ್ಡ ಆಟಗಾರರ ಹೆಸರಿರುವ ಪೆಟ್ಟಿಗೆಯ ಮೇಲೆ.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಸಂಜೆ ಲೆಕ್ಕ ತಾಳೆಯಾದ ಮೇಲೆ ನೌಕರರ ಮನರಂಜನಾ ಕೊಠಡಿಯಲ್ಲಿ ಟೇಬಲ್ ಟೆನಿಸ್ ಆಡುವುದು ನಮ್ಮ ರೂಢಿ. ನಿವೃತ್ತಿಯ ನಂತರವೂ ಬೆಳಿಗ್ಗೆ ನಮ್ಮೂರ ಕ್ಲಬ್ಬಿಗೆ ಹೋಗುತ್ತೇನೆ. ಸಂಜೆ ಅಲ್ಲಿಯ ಮಕ್ಕಳ ಬ್ಯಾಟುಗಳಿಗೆ ರಬ್ಬರು ಅಂಟಿಸಿಕೊಡುತ್ತೇನೆ. ಹಾಗಾಗಿ ನೂರಾರು ಬ್ಲೇಡುಗಳು ನನ್ನ ಕೈಮೇಲೆ ಹಾದುಹೋಗಿವೆ. ಅದರಿಂದ ನಾನು ಕಂಡುಕೊಂಡದ್ದು ಇಷ್ಟು: ಮಗುವಿನ ಮೊದಲ ಬ್ಲೇಡು ಪೂರ್ತಿ ಮರದ್ದಾಗಿರಲಿ, ವೇಗ ಕಡಿಮೆ ಇರಲಿ. ಕೊಂಡ ಮೇಲೆ ನೀರು, ಬೆವರು, ಬಿಸಿಲಿನಿಂದ ಅದನ್ನು ಕಾಪಾಡಿ. ಹೀಗೆ ಮಾಡಿದರೆ ಆಟವೂ ಉಳಿಯುತ್ತದೆ, ದುಡ್ಡೂ ಉಳಿಯುತ್ತದೆ.

ಬಂಡವಾಳ ಯಾವುದು, ಖರ್ಚು ಯಾವುದು?

ಬಿ.ಕಾಂ. ಓದುವಾಗ ನಮಗೆ ಮೊದಲು ಕಲಿಸಿದ ಪಾಠಗಳಲ್ಲಿ ಒಂದು, ಬಂಡವಾಳ ವೆಚ್ಚಕ್ಕೂ ದಿನದ ಖರ್ಚಿಗೂ ಇರುವ ಭೇದ. ಹಸು ಕೊಂಡದ್ದು ಬಂಡವಾಳ, ಹಿಂಡಿ ಕೊಂಡದ್ದು ಖರ್ಚು. ಟೇಬಲ್ ಟೆನಿಸ್ ಬ್ಯಾಟಿನಲ್ಲಿ ಬ್ಲೇಡು ಬಂಡವಾಳ, ರಬ್ಬರು ಖರ್ಚು. ರಬ್ಬರು ಆಡಿದಷ್ಟೂ ಸವೆಯುತ್ತದೆ. ವಾರಕ್ಕೆ ನಾಲ್ಕು ದಿನ ಒಂದೊಂದು ಗಂಟೆ ಆಡುವ ಮಗುವಿಗೆ ಒಂದು ಜೊತೆ ರಬ್ಬರು ಹೆಚ್ಚೆಂದರೆ ವರ್ಷ ಬರಬಹುದು. ದಿನವೂ ಗಂಟೆಗಟ್ಟಲೆ ಅಭ್ಯಾಸ ಮಾಡುವವರು ಒಂದೆರಡು ತಿಂಗಳಿಗೇ ಬದಲಾಯಿಸುತ್ತಾರೆ. ಬ್ಲೇಡು ಹಾಗಲ್ಲ. ಜೋಪಾನ ಮಾಡಿದರೆ ಹತ್ತು ವರ್ಷ, ಹದಿನೈದು ವರ್ಷ ಬಾಳುತ್ತದೆ. ನಮ್ಮ ಕ್ಲಬ್ಬಿನ ಹಿರಿಯರೊಬ್ಬರು ಇಪ್ಪತ್ತೈದು ವರ್ಷದಿಂದ ಒಂದೇ ಬ್ಲೇಡಿನಲ್ಲಿ ಆಡುತ್ತಿದ್ದಾರೆ. ಹಿಡಿಕೆ ಬೆವರಿಗೆ ಕಪ್ಪಾಗಿದೆ, ಮರ ಮಾತ್ರ ಗಟ್ಟಿಯಾಗಿದೆ.

ಆದ್ದರಿಂದ ಕೈಯಲ್ಲಿರುವ ದುಡ್ಡನ್ನೆಲ್ಲ ಬ್ಲೇಡಿಗೇ ಸುರಿದು, ಮುಂದಿನ ವರ್ಷ ರಬ್ಬರಿಗೆ ಕಾಸಿಲ್ಲವೆಂದು ಕೈಚೆಲ್ಲಬಾರದು. ಸವೆದ ರಬ್ಬರಿನಲ್ಲಿ ಚೆಂಡು ಜಾರುತ್ತದೆ; ಮರ ಎಷ್ಟು ಒಳ್ಳೆಯದಿದ್ದರೂ ತಿರುಗು ಬರುವುದಿಲ್ಲ. ಸಾಧಾರಣ ಬೆಲೆಯ ಬ್ಲೇಡು, ಕಾಲಕಾಲಕ್ಕೆ ಹೊಸ ರಬ್ಬರು. ಮಧ್ಯಮ ವರ್ಗದ ಮನೆಗೆ ಇದೇ ಸರಿಯಾದ ಬಜೆಟ್ಟು.

ಮರಕ್ಕೇ ಮೊದಲ ಮಣೆ

ಕ್ರಿಕೆಟ್ಟಿನ ಬ್ಯಾಟು ಇಷ್ಟೇ ಅಗಲ ಇರಬೇಕೆಂಬ ಕಟ್ಟಳೆ ಇದೆ. ಟೇಬಲ್ ಟೆನಿಸ್ಸಿನಲ್ಲಿ ಬ್ಯಾಟಿನ ಗಾತ್ರ, ಆಕಾರ, ತೂಕ ಯಾವುದಕ್ಕೂ ಮಿತಿಯಿಲ್ಲ! ಬೇಕಾದರೆ ಮೊರದಷ್ಟು ದೊಡ್ಡದನ್ನೂ ಹಿಡಿಯಬಹುದು, ಬೀಸಲು ಆಗಬೇಕಷ್ಟೆ. ಆದರೆ ಬ್ಲೇಡು ಸಮತಟ್ಟಾಗಿರಬೇಕು, ಬಾಗದೆ ಗಟ್ಟಿಯಾಗಿರಬೇಕು, ಅದರ ದಪ್ಪದಲ್ಲಿ ಕನಿಷ್ಠ ಶೇ 85 ಭಾಗ ಸಹಜ ಮರವೇ ಆಗಿರಬೇಕು. ಅಂತರರಾಷ್ಟ್ರೀಯ ಟೇಬಲ್ ಟೆನಿಸ್ ಫೆಡರೇಷನ್ನಿನ ನಿಯಮವೇ ಹೀಗಿದೆ. ಪದರಗಳ ನಡುವೆ ಕಾರ್ಬನ್ ನಾರು, ಗಾಜಿನ ನಾರು ಇತ್ಯಾದಿ ಸೇರಿಸಲು ಅವಕಾಶವುಂಟು. ಅಂಥ ಪದರ ಒಟ್ಟು ದಪ್ಪದ ಶೇ 7.5ನ್ನು ಅಥವಾ 0.35 ಮಿಲಿಮೀಟರನ್ನು, ಎರಡರಲ್ಲಿ ಯಾವುದು ಕಡಿಮೆಯೋ ಅದನ್ನು ಮೀರುವಂತಿಲ್ಲ.

ಬ್ಯಾಟಿನ ಚರಿತ್ರೆಯ ಒಂದು ದೊಡ್ಡ ತಿರುವು ನಮ್ಮ ದೇಶದಲ್ಲೇ ನಡೆಯಿತು. 1952ರಲ್ಲಿ ವಿಶ್ವ ಚಾಂಪಿಯನ್‌ಷಿಪ್ ಬೊಂಬಾಯಿಯಲ್ಲಿ ಜರುಗಿತು. ಜಪಾನಿನ ಹಿರೋಜಿ ಸತೋ ಎಂಬ ಆಟಗಾರ ದಪ್ಪ ಸ್ಪಂಜು ಅಂಟಿಸಿದ ಬ್ಯಾಟು ಹಿಡಿದು ಬಂದರು. ಅಲ್ಲಿಯವರೆಗೆ ಹೆಚ್ಚಿನವರು ಆಡುತ್ತಿದ್ದುದು ಸಣ್ಣ ಗುಬುಟುಗಳಿದ್ದ ಬರಿಯ ರಬ್ಬರಿನಲ್ಲಿ. ಚೆಂಡು ತಗುಲಿದರೆ ‘ಟಕ್’ ಎಂಬ ಸದ್ದು ಕೇಳುತ್ತಿತ್ತು. ಆ ಸದ್ದಿನಿಂದಲೇ ಎದುರಾಳಿ ಹೊಡೆತದ ರಭಸ ಅಳೆಯುತ್ತಿದ್ದ. ಸತೋ ಅವರ ಬ್ಯಾಟಿನಿಂದ ಸದ್ದೇ ಇಲ್ಲ! ಅವರು ಪುರುಷರ ಸಿಂಗಲ್ಸ್ ಪ್ರಶಸ್ತಿ ಗೆದ್ದುಕೊಂಡು ಹೋದರು. ಆಮೇಲೆ ಎಲ್ಲರೂ ಸ್ಪಂಜಿನ ಹಿಂದೆ ಬಿದ್ದರು. 1959ರಲ್ಲಿ ಅದಕ್ಕೊಂದು ಕಡಿವಾಣ ಬಿತ್ತು: ಸ್ಪಂಜು, ರಬ್ಬರು, ಅಂಟು ಎಲ್ಲ ಸೇರಿ ಒಂದು ಬದಿಗೆ 4 ಮಿಲಿಮೀಟರು ಮೀರಬಾರದು. ಇಂದಿಗೂ ಅದೇ ಮಿತಿ. ರಬ್ಬರು, ಸ್ಪಂಜು, ಅಂಟು ಎಲ್ಲ ಬದಲಾದವು. ನಡುವಿನ ಮರ ಮಾತ್ರ ತನ್ನ ಜಾಗ ಬಿಟ್ಟುಕೊಡಲಿಲ್ಲ.

ಪದರದ ಮೇಲೆ ಪದರ

ಮಕ್ಕಳೇ, ನಿಮ್ಮ ಬ್ಯಾಟಿನ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ತೆಳು ಗೆರೆಗಳು ಕಾಣುತ್ತವೆ. ಅವೇ ಪದರಗಳು. ಐದು ಪದರದ್ದು ಹೆಚ್ಚು ಬಳಕೆಯಲ್ಲಿದೆ. ಏಳು ಪದರದ್ದೂ ಇದೆ. ನಟ್ಟನಡುವೆ ದಪ್ಪನೆಯ ಹಗುರ ಮರ, ಅದರ ಎರಡೂ ಕಡೆ ತೆಳು ಹಾಳೆಗಳು. ಒಟ್ಟು ದಪ್ಪ ಸಾಮಾನ್ಯವಾಗಿ 5.5ರಿಂದ 6.5 ಮಿಲಿಮೀಟರು. ಐದು ಪದರದ ಬ್ಲೇಡಿನಲ್ಲಿ ಹೊರಗಿನ ಹಾಳೆಯ ನಾರು ಉದ್ದಕ್ಕೆ ಓಡಿದರೆ, ಅದರ ಕೆಳಗಿನದು ಅಡ್ಡಕ್ಕೆ ಓಡುತ್ತದೆ. ಹಗ್ಗದ ಮಂಚದಲ್ಲಿ ಉದ್ದ-ಅಡ್ಡ ಹೆಣೆದಿರುತ್ತಾರಲ್ಲ, ಅದೇ ಉಪಾಯ. ಒಂದೇ ಕಡೆ ನಾರಿದ್ದರೆ ಮರ ಬೇಗ ಸೀಳುತ್ತದೆ. ಅಡ್ಡ ಹಾಳೆ ಅದನ್ನು ತಡೆಯುತ್ತದೆ.

ಮರಗಳ ಹೆಸರುಗಳೂ ಸೊಗಸಾಗಿವೆ. ನಡುವೆ ಹಾಕುವ ಅಯುಸ್ ಪಶ್ಚಿಮ ಆಫ್ರಿಕದ ಹಗುರ ಮರ. ಹೊರಗಿನ ಹಾಳೆಗೆ ಬಳಸುವ ಲಿಂಬಾ, ಕೋಟೋ ಇವೂ ಆಫ್ರಿಕದವೇ. ಲಿಂಬಾ ಮೆತ್ತಗಿನದು, ಚೆಂಡು ತಗುಲಿದ್ದು ಕೈಗೆ ಚೆನ್ನಾಗಿ ಗೊತ್ತಾಗುತ್ತದೆ. ಕೋಟೋ ಅದಕ್ಕಿಂತ ಗಟ್ಟಿ, ಚೆಂಡನ್ನು ಚುರುಕಾಗಿ ಚಿಮ್ಮಿಸುತ್ತದೆ. ಜಪಾನಿನ ಹಿನೋಕಿ ಎಂಬ ಸೈಪ್ರಸ್ ಜಾತಿಯ ಮರದಿಂದ ಪದರವೇ ಇಲ್ಲದ ಒಂಟಿ ಹಲಗೆಯ ಬ್ಲೇಡನ್ನೂ ಮಾಡುತ್ತಾರೆ. ಪೆನ್ನು ಹಿಡಿದಂತೆ ಬ್ಯಾಟು ಹಿಡಿಯುವ ಆಟಗಾರರಿಗೆ ಅದು ಪ್ರಿಯ. ಹೀಗೆ ನಿಮ್ಮ ಅಂಗೈಯಲ್ಲಿ ಒಂದು ಪುಟ್ಟ ಕಾಡೇ ಇದೆ ಎನ್ನಿ.

ವೇಗ ಯಾರಿಗೆ ಬೇಕು?

ತಯಾರಕರು ಬ್ಲೇಡುಗಳನ್ನು ವೇಗದ ಪ್ರಕಾರ ಬೇರ್ಪಡಿಸುತ್ತಾರೆ. ರಕ್ಷಣೆಯ ಆಟಕ್ಕೆ ಡಿಫೆನ್ಸಿವ್, ಎಲ್ಲಕ್ಕೂ ಹೊಂದುವುದು ಆಲ್‌ರೌಂಡ್, ದಾಳಿಯ ಆಟಕ್ಕೆ ಆಫೆನ್ಸಿವ್. ಜೊತೆಗೆ ಪ್ಲಸ್, ಮೈನಸ್ ಗುರುತುಗಳು. ಇವು ಆಯಾ ಕಂಪನಿಯವರು ತಾವೇ ಕೊಟ್ಟುಕೊಂಡ ಅಂಕ. ಒಂದು ಕಂಪನಿಯ ಆಲ್‌ರೌಂಡು ಇನ್ನೊಂದರ ಆಲ್‌ರೌಂಡಿಗೆ ಸಮವಾಗಬೇಕೆಂದಿಲ್ಲ.

ಚೆಂಡು ಬ್ಯಾಟಿಗೆ ತಗುಲಿರುವುದು ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಹೊತ್ತು ಮಾತ್ರ. ಬಳುಕುವ ಮರದಲ್ಲಿ ಆ ಸ್ಪರ್ಶ ಕೈಗೆ ಮೃದುವಾಗಿ ತಿಳಿಯುತ್ತದೆ. ಚೆಂಡು ನಿಧಾನ ಹೊರಡುವುದರಿಂದ ಮಗು ಪೂರ್ತಿ ಕೈ ಬೀಸಬಹುದು. ಕಾರ್ಬನ್ ಸೇರಿದ ಗಡಸು ಬ್ಲೇಡಿನಲ್ಲಿ ಸುಮ್ಮನೆ ಒಡ್ಡಿದರೂ ಚೆಂಡು ಹಾರುತ್ತದೆ. ಮೇಜು ಇರುವುದೇ 2.74 ಮೀಟರು ಉದ್ದ. ಹಾರಿದ ಚೆಂಡು ಮೇಜು ದಾಟಿ ಗೋಡೆಗೆ ಬಡಿಯುತ್ತದೆ.

ನಮ್ಮ ಕ್ಲಬ್ಬಿನಲ್ಲಿ ಕಂಡದ್ದೊಂದನ್ನು ಹೇಳುತ್ತೇನೆ. ಏಳನೇ ತರಗತಿಯ ಹುಡುಗಿಯೊಬ್ಬಳು ಚೆಂದವಾಗಿ ಕೈ ಬೀಸಿ ಆಡುತ್ತಿದ್ದಳು. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅರ್ಚನಾ ಕಾಮತ್ ಭಾರತದ ಮಹಿಳಾ ತಂಡದಲ್ಲಿ ಆಡಿದ್ದನ್ನು ಟಿವಿಯಲ್ಲಿ ನೋಡಿದ ಮೇಲಂತೂ ಅವಳ ಹುಮ್ಮಸ್ಸು ಇಮ್ಮಡಿಯಾಗಿತ್ತು. ಅವಳ ಅಜ್ಜ ನಿವೃತ್ತ ಹೈಸ್ಕೂಲು ಮೇಷ್ಟ್ರು. ಮೊಮ್ಮಗಳ ಹುಟ್ಟುಹಬ್ಬಕ್ಕೆಂದು ಪಿಂಚಣಿ ದುಡ್ಡಿನಲ್ಲಿ ಕಾರ್ಬನ್ ಬ್ಲೇಡು ಕೊಡಿಸಿದರು. “ಇದು ಚಾಂಪಿಯನ್ನರ ಬ್ಲೇಡು” ಎಂದು ಅಂಗಡಿಯವನು ಹೇಳಿದ್ದನಂತೆ. ಎರಡು ತಿಂಗಳಲ್ಲಿ ಹುಡುಗಿಯ ಆಟ ಕುಗ್ಗಿಹೋಯಿತು. ಕೈ ಬೀಸುವುದನ್ನೇ ನಿಲ್ಲಿಸಿ, ಬ್ಯಾಟನ್ನು ಎದೆಯ ಮುಂದೆ ಹಿಡಿದು ಚೆಂಡನ್ನು ತಡೆಯುವುದಷ್ಟೇ ಮಾಡತೊಡಗಿದಳು. ಆಮೇಲೆ ಬರುವುದೂ ಅಪರೂಪವಾಯಿತು.

ಒಂದು ದಿನ ಮೇಷ್ಟ್ರು ನನ್ನ ಬಳಿ ಬಂದರು. “ರಾಯರೇ, ನೀವೇ ಒಂದು ಮಾತು ಹೇಳಿ. ಅಷ್ಟು ದುಡ್ಡು ಕೊಟ್ಟಿದ್ದೇನೆ, ಈಗ ಆಟ ಬೇಡ ಅಂತಾಳೆ” ಎಂದರು.

ಹುಡುಗಿಯನ್ನು ಕರೆದು ಕೇಳಿದೆ. ಅವಳು ತಲೆ ತಗ್ಗಿಸಿ, “ತಾತಾ, ಮುಟ್ಟಿದರೆ ಸಾಕು, ಹೊರಗೆ ಹೋಗತ್ತೆ. ನನಗೆ ಆಟ ಬರಲ್ಲ ಅನ್ಸತ್ತೆ” ಎಂದಳು.

ಆಟ ಬಾರದ್ದು ಅವಳಿಗಲ್ಲ. ಕ್ಲಬ್ಬಿನ ಬೀರುವಿನಲ್ಲಿದ್ದ ಹಳೆಯ ಐದು ಪದರದ ಮರದ ಬ್ಲೇಡೊಂದಕ್ಕೆ ಹೊಸ ರಬ್ಬರು ಅಂಟಿಸಿ ಕೊಟ್ಟೆ. ಮೊದಲ ವಾರ ಚೆಂಡು ನೆಟ್ಟಿಗೇ ಬಿತ್ತು, ಕೈ ಬೀಸಲು ಅಂಜುತ್ತಿದ್ದಳಲ್ಲ! ಮೂರು ತಿಂಗಳು ಹಿಡಿಯಿತು, ಹಳೆಯ ಬೀಸು ಮರಳಲು. ಕಾರ್ಬನ್ ಬ್ಲೇಡೇನೂ ಕೆಟ್ಟ ವಸ್ತುವಲ್ಲ; ಮೇಷ್ಟ್ರ ಮನೆಯ ಬೀರುವಿನಲ್ಲಿ ಅವಳಿಗಾಗಿ ಕಾಯುತ್ತಿದೆ. ಸೈಕಲ್ಲು ಕಲಿಯುವವರಿಗೆ ಯಾರೂ ಮೋಟಾರು ಬೈಕು ಕೊಡುವುದಿಲ್ಲ. ದುಬಾರಿ ವಸ್ತುವಿನಿಂದ ಮಗುವಿಗೆ ತನ್ನ ಮೇಲಿನ ನಂಬಿಕೆಯೇ ಹೋಗುವುದಾದರೆ ಆ ನಷ್ಟವನ್ನು ಯಾವ ಖಾತೆಗೆ ಬರೆಯೋಣ?

ಅಂಗಡಿಯಲ್ಲಿ ಹೀಗೆ ನೋಡಿ

ಪೂರ್ತಿ ಮರದ, ಐದು ಪದರದ, ಆಲ್‌ರೌಂಡ್ ಬ್ಲೇಡು ಕೇಳಿ. ಸ್ಟಿಗಾ ಆಲ್‌ರೌಂಡ್ ಕ್ಲಾಸಿಕ್, ಯಸಾಕಾ ಸ್ವೀಡನ್ ಎಕ್ಸ್‌ಟ್ರಾ ಈ ಬಗೆಯವು. ಬಹುಕಾಲದಿಂದ ಆಟಗಾರರ ಕೈಯಲ್ಲಿರುವಂಥವು. ಬೇರೆ ಕಂಪನಿಗಳೂ ಇಂಥವನ್ನು ಮಾಡುತ್ತವೆ. ಕೊಳ್ಳುವ ಮೊದಲು ಗೆಳೆಯರ ಬ್ಯಾಟಿನಲ್ಲಿ ಹತ್ತು ನಿಮಿಷ ಆಡಿ ನೋಡಿದರೆ ಇನ್ನೂ ಒಳ್ಳೆಯದು.

ತೂಕ ನೋಡಿ. ಹತ್ತು-ಹನ್ನೆರಡು ವರ್ಷದ ಮಗುವಿಗೆ 75ರಿಂದ 85 ಗ್ರಾಂ ಬ್ಲೇಡು ಸಾಕು. ಎರಡು ರಬ್ಬರು ಅಂಟಿಸಿದ ಮೇಲೆ ತೂಕ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಚೆಂಡು ಬರೀ 2.7 ಗ್ರಾಂ ಇರಬಹುದು. ಗಂಟೆಗಟ್ಟಲೆ ಬೀಸುವ ಎಳೆಯ ಮಣಿಕಟ್ಟಿಗೆ ಬ್ಯಾಟಿನ ಹತ್ತು ಗ್ರಾಂ ಹೆಚ್ಚೂ ಭಾರವೇ. ಮರ ಸೃಷ್ಟಿಯ ವಸ್ತು. ಒಂದೇ ಮಾದರಿಯ ಎರಡು ಬ್ಲೇಡುಗಳು ಐದಾರು ಗ್ರಾಂ ಹೆಚ್ಚುಕಡಿಮೆ ಇರುತ್ತವೆ. ತೂಕ ಹಾಕಿಸಿಯೇ ಕೊಳ್ಳಿ.

ಹಿಡಿಕೆಯನ್ನು ಮಗುವಿನ ಕೈಗೇ ಕೊಡಿ. ಬುಡದಲ್ಲಿ ಅಗಲವಾಗುವುದು ಫ್ಲೇರ್ಡ್, ಕೈಯಿಂದ ಜಾರುವುದಿಲ್ಲ. ಮೇಲಿಂದ ಕೆಳಗೆ ಒಂದೇ ಅಳತೆಯದು ಸ್ಟ್ರೇಟ್. ಆಟದ ನಡುವೆ ಬ್ಯಾಟು ತಿರುಗಿಸುವವರಿಗೆ ಅನುಕೂಲ. ನಡುವೆ ಉಬ್ಬಿರುವುದು ಅನಾಟಮಿಕ್. ಯಾವುದು ಹಿತವೆನ್ನುವುದನ್ನು ಮಗುವೇ ಹೇಳಲಿ.

ಕೊನೆಗೆ ಮರವನ್ನು ಪರೀಕ್ಷಿಸಿ. ಬಡಗಿಯಂತೆ ಒಂದು ಕಣ್ಣು ಮುಚ್ಚಿ ಅಂಚಿನುದ್ದಕ್ಕೂ ನೋಡಿ, ಬಾಗಿರಬಾರದು. ಶಾಲೆಯ ಅಡಿಪಟ್ಟಿಯನ್ನು ಹಲಗೆಯ ಮೇಲೆ ಅಡ್ಡ ಇಟ್ಟು ಬೆಳಕಿಗೆ ಹಿಡಿಯಿರಿ. ನಡುವೆ ಬೆಳಕು ತೂರಿಬರಬಾರದು. ಅಂಚಿನ ಪದರಗಳ ನಡುವೆ ಸಂದು ಇರಬಾರದು. ಬರಿಯ ಮರದ ಮೇಲೆ ಚೆಂಡು ಪುಟಿಸಿ ಕೇಳಿ. ಗಡಸು ಬ್ಲೇಡಿನ ಸದ್ದು ಚುರುಕಾಗಿ, ಏರುದನಿಯಲ್ಲಿರುತ್ತದೆ. ಮೆದು ಬ್ಲೇಡಿನದು ತಗ್ಗಿದ ದನಿ. ನಾಲ್ಕು ಬ್ಲೇಡು ಪುಟಿಸಿದರೆ ಮಕ್ಕಳ ಕಿವಿಗೇ ಭೇದ ತಿಳಿಯುತ್ತದೆ.

ರಬ್ಬರು ಅಂಟಿಸುವ ದಿನ

ಇದನ್ನು ಅಜ್ಜ-ಮೊಮ್ಮಕ್ಕಳು ಸೇರಿ ಮಾಡಬಹುದಾದ ಭಾನುವಾರದ ಕೆಲಸ. ಮೊದಲು ನುಣುಪು ಸ್ಯಾಂಡ್‌ಪೇಪರಿನಿಂದ ಅಂಚುಗಳನ್ನು, ಹಿಡಿಕೆಯ ಬಳಿ ಬೆರಳು ತಾಗುವ ಜಾಗವನ್ನು ಹಗುರವಾಗಿ ಉಜ್ಜಿ. ಹಲಗೆಯ ಮುಖವನ್ನು ಉಜ್ಜಬೇಡಿ, ಹೊರ ಹಾಳೆ ತುಂಬ ತೆಳ್ಳಗಿರುತ್ತದೆ. ಲಿಂಬಾದಂಥ ಮೆದು ಮರವಾದರೆ ನೀರಿನಲ್ಲಿ ಕರಗುವ ಬಗೆಯ ವಾರ್ನಿಷನ್ನು ಬಟ್ಟೆಯಿಂದ ತೆಳ್ಳಗೆ ಒಂದೇ ಸಲ ಸವರಿ, ಒಂದು ದಿನ ಒಣಗಲು ಬಿಡಿ. ಮುಂದೆ ರಬ್ಬರು ಕೀಳುವಾಗ ಮರದ ಸಿಬಿರು ಎದ್ದು ಬರುವುದನ್ನು ಇದು ತಡೆಯುತ್ತದೆ. ದಪ್ಪಗೆ ಬಳಿದರೆ ಬ್ಲೇಡು ಬಿರುಸಾಗುತ್ತದೆ.

ನಮ್ಮ ಕಾಲದಲ್ಲಿ ಸೈಕಲ್ ಪಂಕ್ಚರಿಗೆ ಹಾಕುವ ಸಲ್ಯೂಷನ್ನಿನಿಂದಲೇ ರಬ್ಬರು ಅಂಟಿಸುತ್ತಿದ್ದೆವು. ಅಂಥ ಅಂಟಿನ ಆವಿ ಆರೋಗ್ಯಕ್ಕೆ ಕೆಟ್ಟದ್ದೆಂದು 2008ರಿಂದ ಅಂತರರಾಷ್ಟ್ರೀಯ ಆಟದಲ್ಲಿ ನಿಷೇಧಿಸಿದ್ದಾರೆ. ಈಗ ನೀರಿನ ಆಧಾರದ ಅಂಟು ಸಿಗುತ್ತದೆ. ಅದನ್ನು ಸ್ಪಂಜಿಗೂ ಮರಕ್ಕೂ ತೆಳ್ಳಗೆ ಹಚ್ಚಿ. ಹಚ್ಚುವಾಗ ಹಾಲಿನಂತೆ ಬೆಳ್ಳಗಿರುತ್ತದೆ, ಒಣಗಿದಾಗ ಪಾರದರ್ಶಕವಾಗುತ್ತದೆ. ಪೂರ್ತಿ ಪಾರದರ್ಶಕವಾಗುವವರೆಗೂ ಕಾಯಬೇಕು. ಮಕ್ಕಳೇ, ಇಲ್ಲೇ ನೀವು ಆತುರಪಡುವುದು! ನಂತರ ಹಿಡಿಕೆಯ ಕಡೆಯಿಂದ ರಬ್ಬರನ್ನು ಕೂರಿಸುತ್ತ, ಅಜ್ಜಿಯ ಅನುಮತಿ ಪಡೆದು, ಚಪಾತಿ ಲಟ್ಟಣಿಗೆಯನ್ನು ಮೇಲೆ ಉರುಳಿಸಿ. ರಬ್ಬರನ್ನು ಎಳೆಯಬಾರದು. ಒಂದೆರಡು ಗಂಟೆ ಪುಸ್ತಕದ ಕೆಳಗಿಟ್ಟು, ಆಮೇಲೆ ಹರಿತವಾದ ಕತ್ತರಿಯಿಂದ ಅಂಚಿಗೆ ಸರಿಯಾಗಿ ಕತ್ತರಿಸಿ. ಕತ್ತರಿ ಹಿರಿಯರ ಕೈಯಲ್ಲಿರಲಿ.

ಒಂದು ಬದಿ ಕಪ್ಪು, ಇನ್ನೊಂದು ಬದಿ ಕೆಂಪಿನಂಥ ಎದ್ದುಕಾಣುವ ಬಣ್ಣ ಇರಲೇಬೇಕು. ಎರಡು ಬದಿಗೆ ಬೇರೆ ಬೇರೆ ಗುಣದ ರಬ್ಬರಿದ್ದರೆ ಎದುರಾಳಿಗೆ ತಿಳಿಯಲೆಂದು ಈ ನಿಯಮ. ನಮ್ಮ ಮಣಿಕಾ ಬಾತ್ರಾ ಒಂದು ಬದಿಗೆ ಉದ್ದ ಗುಬುಟಿನ ರಬ್ಬರು ಹಾಕಿ ಆಡುವುದನ್ನು ನೀವು ನೋಡಿರಬಹುದು. ಸ್ಪರ್ಧೆಯಲ್ಲಿ ಆಡುವವರು ರಬ್ಬರಿನ ಬುಡದಲ್ಲಿ ಐಟಿಟಿಎಫ್ ಮುದ್ರೆ ಇದೆಯೇ ನೋಡಿಕೊಳ್ಳಿ.

ಹಳೆಯ ರಬ್ಬರು ಕೀಳುವಾಗ ಮೇಲಕ್ಕೆ ಜಗ್ಗಬೇಡಿ. ಹಿಡಿಕೆಯ ಬಳಿಯ ಒಂದು ಮೂಲೆಯಿಂದ ಬಿಡಿಸಿ, ಹಲಗೆಗೆ ಒರಗಿಸಿದಂತೆ ಮಡಿಚುತ್ತ, ಓರೆಯಾಗಿ, ಬಾಳೆಲೆಯ ಸುಳಿ ಬಿಡಿಸುವಷ್ಟು ಮೆಲ್ಲಗೆ ಎಳೆಯಿರಿ. ಸಿಬಿರು ಏಳುವಂತೆ ಕಂಡರೆ ನಿಲ್ಲಿಸಿ ಇನ್ನೊಂದು ಕಡೆಯಿಂದ ಶುರುಮಾಡಿ. ಉಳಿದ ಅಂಟನ್ನು ಬೆರಳಿನಿಂದ ಉಜ್ಜಿದರೆ ಉಂಡೆಯಾಗಿ ಬರುತ್ತದೆ, ಚಾಕು ಬೇಡ.

ಮಳೆ, ಬೆವರು, ಬಿಸಿಲು

ಬ್ಯಾಂಕಿನ ಕೆಲಸದಲ್ಲಿ ನಾಲ್ಕು ಮಳೆಗಾಲ ಸಾಗರದಲ್ಲಿ ಕಳೆದಿದ್ದೇನೆ. ಆಷಾಢದ ಜಡಿಮಳೆಗೆ ಬೀರುವಿನಲ್ಲಿಟ್ಟ ಚಪ್ಪಲಿಗೂ ಬೂಷ್ಟು ಹಿಡಿಯುತ್ತಿತ್ತು. ಮನರಂಜನಾ ಕೊಠಡಿಯ ಗೋಡೆಗೆ ಒರಗಿಸಿಟ್ಟ ಬ್ಯಾಟುಗಳು ಶೀತ ಕುಡಿದು ಬಾಗಿದವು. ಒಂದರ ಪದರವೇ ಬಾಯಿ ಬಿಟ್ಟಿತು. ಅದೇ ಕೊಠಡಿಯಲ್ಲಿ ಚೀಲದೊಳಗೆ ಬಟ್ಟೆ ಸುತ್ತಿಟ್ಟಿದ್ದ ಬ್ಯಾಟು ನೆಟ್ಟಗೇ ಇತ್ತು. ಮರ ಕಡಿದ ಮೇಲೂ ನೀರು ಕುಡಿಯುವ ಅಭ್ಯಾಸ ಬಿಡುವುದಿಲ್ಲ ನೋಡಿ!

ಆದ್ದರಿಂದ ಬ್ಯಾಟಿಗೊಂದು ಚೀಲ ಬೇಕು; ಗಟ್ಟಿ ಚೀಲವಾದರೆ ಉತ್ತಮ. ಒದ್ದೆ ಟವೆಲನ್ನು, ನೀರಿನ ಬಾಟಲಿಯನ್ನು ಅದರೊಳಗೆ ತುರುಕಬೇಡಿ. ಆಟ ಮುಗಿದೊಡನೆ ಹಿಡಿಕೆಯ ಬೆವರನ್ನು ಒಣ ಬಟ್ಟೆಯಿಂದ ಒರೆಸಿ, ಐದು ನಿಮಿಷ ಗಾಳಿಗಿಟ್ಟು ಆಮೇಲೆ ಚೀಲಕ್ಕೆ ಹಾಕಿ. ಹೊಸ ಬೂಟಿನ ಪೆಟ್ಟಿಗೆಯಲ್ಲಿ ಬರುವ ತೇವ ಹೀರುವ ಪುಟ್ಟ ಪೊಟ್ಟಣವನ್ನು ಮಳೆಗಾಲದಲ್ಲಿ ಚೀಲದೊಳಗಿಡಿ, ಚಿಕ್ಕ ಮಕ್ಕಳ ಕೈಗೆ ಸಿಗದಂತೆ. ರಬ್ಬರನ್ನು ಹಿಂಡಿದ ಒದ್ದೆ ಸ್ಪಂಜಿನಿಂದ ಒರೆಸಬಹುದು; ಅಂಚಿನ ಮರಕ್ಕೆ ನೀರು ಇಳಿಯಬಾರದು. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಬ್ಯಾಟು ಬಿಡಬೇಡಿ. ಬಿಸಿಗೆ ಮರ ಬಾಗುತ್ತದೆ, ರಬ್ಬರು ಒಣಗಿ ಹಿಡಿತ ಕಳೆದುಕೊಳ್ಳುತ್ತದೆ.

ಅಂಚಿಗೆ ಸುತ್ತುವ ಪಟ್ಟಿ ಸಿಗುತ್ತದೆ. ತೂಕ ಒಂದೆರಡು ಗ್ರಾಂ. ಮೇಜಿನ ಅಂಚಿಗೆ ಬ್ಯಾಟು ಬಡಿದಾಗ ಮರವನ್ನು ಕಾಪಾಡುತ್ತದೆ. ಆದರೂ ಒಂದು ಚಕ್ಕೆ ಎದ್ದರೆ ಬ್ಲೇಡು ಎಸೆಯಬೇಕಿಲ್ಲ. ಬಡಗಿಗಳ ಬಿಳಿ ಅಂಟನ್ನು ಕಡ್ಡಿಯ ತುದಿಯಿಂದ ಸಂದಿಗೆ ತುಂಬಿ, ಬಟ್ಟೆಯ ಕ್ಲಿಪ್ಪು ಹಾಕಿ, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಹಗುರವಾಗಿ ಉಜ್ಜಿದರೆ ಸರಿಹೋಗುತ್ತದೆ. ಪಾಯಿಂಟು ಸೋತ ಸಿಟ್ಟಿಗೆ ಬ್ಯಾಟನ್ನು ಮೇಜಿಗೆ ಕುಟ್ಟುವವರ ಬ್ಲೇಡನ್ನು ಮಾತ್ರ ಯಾವ ಅಂಟೂ ಉಳಿಸಲಾರದು.

ನಮ್ಮ ಕ್ಲಬ್ಬಿನ ಮಕ್ಕಳಿಗೆ ನಾನೊಂದು ಪುಟ್ಟ ಪುಸ್ತಕ ಇಡಿಸಿದ್ದೇನೆ, ಪಾಸ್‌ಬುಕ್ಕಿನಂತೆ. ಬ್ಲೇಡು ಕೊಂಡ ತಾರೀಕು, ತೂಕ, ಬೆಲೆ. ರಬ್ಬರು ಬದಲಿಸಿದ ದಿನ, ಅದರ ದಪ್ಪ, ಎಷ್ಟು ತಿಂಗಳು ಬಂತು. ಎರಡು ವರ್ಷ ಬರೆದವರಿಗೆ ಮುಂದಿನ ಬ್ಲೇಡು ಹೇಗಿರಬೇಕೆಂದು ಯಾರನ್ನೂ ಕೇಳಬೇಕಾಗಿಲ್ಲ. ಕೈ ಬಲಿತು, ಹೊಡೆತ ನೆಲೆಗೊಂಡು, ವೇಗದ ಬ್ಲೇಡಿಗೆ ಹೋಗುವ ದಿನ ಬಂದಾಗ ಹಳೆಯದನ್ನು ಬೀರುವಿಗೆ ಸೇರಿಸಬೇಡಿ. ಹೊಸ ರಬ್ಬರು ಅಂಟಿಸಿ ತಮ್ಮನಿಗೋ ತಂಗಿಗೋ ಪಕ್ಕದ ಮನೆಯ ಪುಟ್ಟನಿಗೋ ಕೊಡಿ, ಆ ಪುಸ್ತಕವನ್ನೂ ಜೊತೆಗೇ ಕೊಡಿ. ಅವರು ಮುಂದಿನ ಸಾಲಿನಿಂದ ಬರೆದುಕೊಂಡು ಹೋಗಲಿ.